ವಾರಕ್ಕೆ ಹದಿನಾರು ಗಂಟೆ

ಲೋವರ್ ಹಿಲ್ ಕ್ಯಾಂಪ್
ಫೆಬ್ರವರಿ 11

ಡೆಸ್,

ಮೊದಲು ಪೆನ್ನಿನ ವಿಷಯ. ನೀನು ಪೆನ್ಸಿಲಿನಲ್ಲಿ ಬರೆದ ಪತ್ರ ನನ್ನ ಕೈಗೆ ಬಿಳಿ ಹಾಳೆಯಾಗಿ ಬಂತು. ಇಲ್ಲಿ ಈಗ ಅಸಲು ಪತ್ರ ಕೊಡುವುದಿಲ್ಲ, ಜೆರಾಕ್ಸ್ ಮಾಡಿ ಕೊಡುತ್ತಾರೆ. ಹಾಳೆಯ ತಳದಲ್ಲಿ ನಿನ್ನ ಹೆಸರು ಮಾತ್ರ ಮಸುಕಾಗಿ ಕಾಣುತ್ತಿತ್ತು. ಒಂದು ವಾರ ಅದನ್ನೇ ನೋಡಿದೆ. ಇನ್ನು ಮೇಲೆ ಕಪ್ಪು ಶಾಯಿಯಲ್ಲಿ ಬರೆ.

ಈಗ ಸುದ್ದಿ. ಬಿಡುಗಡೆ ಮಂಡಳಿ ನನ್ನ ಹೆಸರನ್ನು ಅಕ್ಟೋಬರ್ ಪಟ್ಟಿಗೆ ಹಾಕಿದೆ. ಹದಿನೈದು ವರ್ಷದ ಶಿಕ್ಷೆಯಲ್ಲಿ ಏಳು ಮುಗಿದಿವೆ. ಅವರು ಒಪ್ಪಿದರೆ ಉಳಿದ ಎಂಟನ್ನು ಮನೆಯಲ್ಲಿದ್ದು ಕಳೆಯಬಹುದು. ಅದಕ್ಕೆ ಎರಡು ಕಾಗದ ಬೇಕು. ಎಲ್ಲಿ ಮಲಗುತ್ತೇನೆ ಎಂಬುದಕ್ಕೆ ಒಂದು, ಅದಕ್ಕೆ ನಿನ್ನ ಅತ್ತೆ, ಕ್ವಿಲ್ಲಾ ಅಕ್ಕನ ಮನೆ ಇದೆ. ಎಲ್ಲಿ ದುಡಿಯುತ್ತೇನೆ ಎಂಬುದಕ್ಕೆ ಇನ್ನೊಂದು. ಇವನಿಗೆ ಕೆಲಸ ಕೊಡುತ್ತೇವೆ ಎಂದು ಯಾರಾದರೂ ಬರೆದು ರುಜು ಹಾಕಬೇಕು.

ಎರಡನೆಯದರ ಬಗ್ಗೆ ನನಗೆ ಚಿಂತೆಯಿಲ್ಲ. ಮೂರು ವರ್ಷದಿಂದ ಬೆಳಿಗ್ಗೆ ಐದಕ್ಕೆ ಬಿಳಿ ವ್ಯಾನು ನಮ್ಮನ್ನು ಕೋಳಿ ಕಾರ್ಖಾನೆಗೆ ಬಿಡುತ್ತದೆ. ತೊಡೆಯ ಮೂಳೆ ಬಿಡಿಸುವ ಸಾಲಿನಲ್ಲಿ ನನ್ನಷ್ಟು ಬೇಗ ಚಾಕು ಆಡಿಸುವವರು ಯಾರೂ ಇಲ್ಲ. ಮೇಲ್ವಿಚಾರಕ ಕರ್ಬಿ ದಿನಕ್ಕೊಮ್ಮೆ ಹೇಳುತ್ತಾನೆ: "ಲೂಷಿಯಸ್, ನಿನ್ನಂಥೋರು ಇನ್ನಿಬ್ರು ಇದ್ದಿದ್ರೆ ನಾನು ಕಾಲ್ಮೇಲೆ ಕಾಲ್ಹಾಕ್ಕೊಂಡು ಕೂತಿರ್ತಿದ್ದೆ ಕಣಯ್ಯ." ಕಾಗದ ಕೊಡಲು ಅವರಿಗೆ ಐದು ನಿಮಿಷ ಸಾಕು. ಆದರೆ ಕಚೇರಿಯ ಬಾಗಿಲಿನ ಹತ್ತಿರ ನಮ್ಮನ್ನು ಬಿಡುವುದಿಲ್ಲ. ನೀನು ಹೋಗಿ ಕೇಳು. ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗು. ವಾದ ಮಾಡಬೇಡ.

ನಿನ್ನ ಅಪ್ಪ,
ಲೂಷಿಯಸ್ ಟೋಲ್ಬರ್ಟ್
(ಪೂರ್ತಿ ಹೆಸರಿಲ್ಲದಿದ್ದರೆ ಪತ್ರ ಹೊರಗೆ ಬಿಡುವುದಿಲ್ಲ)


ಟಿಲ್‌ಮನ್ ಕ್ರೀಕ್
ಮಾರ್ಚ್ 4

ಅಪ್ಪ,

ಕಪ್ಪು ಶಾಯಿ.

ಹೋಗಿದ್ದೆ. ಅತ್ತೆಯ ಕಾರಿಗೆ ಈಗ ಹಿಂದಕ್ಕೆ ಹೋಗುವ ಗೇರು ಇಲ್ಲ, ಹಾಗಾಗಿ ಮುಂದಕ್ಕೇ ಹೊರಡಲು ಆಗುವ ಜಾಗ ಸಿಗುವ ತನಕ ಕಾರ್ಖಾನೆಯನ್ನು ಎರಡು ಸುತ್ತು ಹಾಕಿದೆ. ಒಳಗೆ ಮಿಸೆಸ್ ರೆನ್‌ಫ್ರೋ ಎಂಬುವರು ಕೂತಿದ್ದರು. ನಿನ್ನ ಹೆಸರು ಹೇಳಿದ ತಕ್ಷಣ ಅವರ ಮುಖ ಅರಳಿತು.

"ಟೋಲ್ಬರ್ಟ್ ಮಗಳಾ ನೀನು? ಇಡೀ ಪಾಳೀಲಿ ಅಂಥೋನು ಒಬ್ನೇ ನೋಡಮ್ಮ. ಮೂರು ವರ್ಷದಲ್ಲಿ ಒಂದಿನ ರಜ ಹಾಕಿಲ್ಲ."

"ಹಾಕೋಕಾಗಲ್ಲ ಮೇಡಂ. ವ್ಯಾನಲ್ಲಿ ತುಂಬ್ಕೊಂಡು ಬರ್ತಾರೆ."

ನಕ್ಕರು. ನಾನು ಕಾಗದ ಕೇಳಿದ ಮೇಲೆ ನಗು ನಿಂತಿತು. ಕಂಪ್ಯೂಟರಿನಲ್ಲಿ ಏನೋ ಒತ್ತಿ ನೋಡಿದರು. ನಿನ್ನಂಥ ಅಪರಾಧಕ್ಕೆ ಶಿಕ್ಷೆಯಾಗಿ ಹತ್ತು ವರ್ಷ ಕಳೆಯದೆ ಯಾರನ್ನೂ ಸೇರಿಸಿಕೊಳ್ಳುವ ಹಾಗಿಲ್ಲವಂತೆ.

"ಈಗ ಇಲ್ಲೇ ತಾನೇ ಕೆಲಸ ಮಾಡ್ತಿರೋದು?" ಅಂದೆ.

"ಈಗ ಅವ್ನು ನಮ್ಮ ಕೆಲಸಗಾರ ಅಲ್ಲಮ್ಮ, ಸರ್ಕಾರದೋನು. ನಾವು ಸರ್ಕಾರದಿಂದ ಕರೆಸ್ಕೊಳ್ತೀವಿ, ಅಷ್ಟೇ."

"ಕೈದಿ ಆಗಿದ್ರೆ ಎಂಟಿಂಚು ಚಾಕು ಕೈಗೆ ಕೊಡ್ತೀರ."

"ಕೊಡ್ತೀವಿ."

"ಬಿಡುಗಡೆ ಆದ್ರೆ ಕೊಡಲ್ಲ."

"ನಿಯಮ ಬರೆಯೋಳು ನಾನಲ್ಲ ಕಣೇ," ಎಂದು ಡಬ್ಬಿಯಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಕೊಟ್ಟರು. ತಗೊಂಡೆ. ಹಸಿವಾಗಿತ್ತು. ವಾದ ಮಾಡಬೇಡ ಎಂದಿದ್ದೆ, ಇಷ್ಟು ಮಾಡಿದ್ದೇನೆ.

ಹೊರಡುವ ಮುಂಚೆ ನನಗೇನಾದರೂ ಕೆಲಸ ಇದೆಯಾ ಎಂದು ಕೇಳಿದೆ. ಸಾಲು ತುಂಬಿದೆಯಂತೆ, ವ್ಯಾನಿನಿಂದ ಇಪ್ಪತ್ತೆರಡು ಜನ ಬರುತ್ತಾರಂತೆ. ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ.

ಹೆದ್ದಾರಿಯ ದೊಡ್ಡ ಅಂಗಡಿಗೂ ಅರ್ಜಿ ಹಾಕಿದ್ದೆ. ಅದರಲ್ಲಿ ನೂರು ಪ್ರಶ್ನೆ. "ಒಂದು ವರ್ಷಕ್ಕೆ ಮೊದಲೇ ಕೆಲಸ ಬಿಡುವ ಯೋಚನೆ ನಿಮಗೆ ಎಂದಾದರೂ ಬಂದಿದೆಯೇ?" ಬಂದಿದೆ ಎಂದು ಒತ್ತಿದೆ. ಅಲ್ಲಿಗೆ ಪರದೆ ಧನ್ಯವಾದ ಹೇಳಿ ಮುಚ್ಚಿಕೊಂಡಿತು. ಅತ್ತೆ ಹಿಂದಿನಿಂದ ನೋಡುತ್ತಿದ್ದಳು. "ಕಂಪ್ಯೂಟರ್ ಮುಂದೆ ಪಾಪ ಒಪ್ಕೋಬೇಡ ಕಣೇ, ಕೆಲಸ ಕೇಳು," ಎಂದಳು. ಶಾಲೆ ಯಾಕೆ ಬಿಟ್ಟೆ ಎಂದು ಕೇಳಿದಾಗಲೂ ಹೀಗೇ. ಮನೆಯ ಕಷ್ಟಕ್ಕೆ ಬಿಟ್ಟೆ ಎಂದು ಹೇಳು, ಜನ ಕನಿಕರ ತೋರಿಸುತ್ತಾರೆ ಎನ್ನುತ್ತಾಳೆ. ನಾನು ಬಿಟ್ಟಿದ್ದು ಕೂತಲ್ಲಿ ಕೂರಲಾಗದೆ.

ಸದ್ಯಕ್ಕೆ ಅಗ್ಗದ ಸಾಮಾನಿನ ಅಂಗಡಿಯಲ್ಲಿ ವಾರಕ್ಕೆ ಹನ್ನೆರಡು ಗಂಟೆ ಕೆಲಸ ಇದೆ. ಕಾಗದಕ್ಕೆ ಬೇರೆ ಕಡೆ ನೋಡುತ್ತೇನೆ.

ನಿನ್ನ ಡೆಸ್


ಲೋವರ್ ಹಿಲ್ ಕ್ಯಾಂಪ್
ಮಾರ್ಚ್ 24

ಡೆಸ್,

ನಿನ್ನ ಪತ್ರ ಓದಿ ಇವಳು ಸರಿಯಾಗಿ ಕೇಳಿರಲಿಕ್ಕಿಲ್ಲ ಎಂದುಕೊಂಡೆ. ಮಾರನೆಯ ದಿನ ಕರ್ಬಿಯನ್ನು ನಾನೇ ಕೇಳಿದೆ. ಅವನು ಕೈಗವಸು ಬಿಚ್ಚುತ್ತ ನಕ್ಕ. "ಇಲ್ಲೇ ಇರೋ ಮಾರಾಯ. ಹೊರಗಡೆ ಹೋಗಿ ಏನ್ ಮಾಡ್ತೀಯ? ಇಲ್ಲಾದ್ರೆ ಊಟ ಸಿಗುತ್ತೆ." ಅವನು ಕೆಟ್ಟವನಲ್ಲ. ತಮಾಷೆ ಎಂದೇ ಹೇಳಿದ. ಪಕ್ಕದವರೂ ನಕ್ಕರು. ಆ ದಿನ ನಾನು ಎಷ್ಟು ಕೋಳಿ ಕೊಯ್ದೆನೋ ನೆನಪಿಲ್ಲ.

ಇದನ್ನು ಇಲ್ಲಿ ಹೇಳಿಕೊಂಡಾಗ ಎಲ್ಲರೂ ಒಂದೇ ಹೆಸರು ಹೇಳಿದರು: ಫಿಂಚರ್. ಹಳೆಯ ಹತ್ತಿ ಮಿಲ್ಲಿನ ಹಿಂದೆ ಅವರ ಕಾರು ತೊಳೆಯುವ ಅಂಗಡಿ ಇತ್ತಲ್ಲ, ನಿನ್ನನ್ನು ಚಿಕ್ಕವಳಿದ್ದಾಗ ಕರೆದುಕೊಂಡು ಹೋಗುತ್ತಿದ್ದೆ. ಅಂಗಡಿ ಮುಚ್ಚಿದೆ, ಆದರೆ ಅಂಗಡಿಯ ಹೆಸರಿರುವ ಹಾಳೆಗಳು ಅವರ ಹತ್ತಿರ ಇನ್ನೂ ಇವೆ. ಯಾರು ಕೇಳಿದರೂ ವಾರಕ್ಕೆ ನಲವತ್ತು ಗಂಟೆ ಕೆಲಸ ಎಂದು ಬರೆದುಕೊಡುತ್ತಾರೆ. ಕಳೆದ ವರ್ಷ ಇಲ್ಲಿಂದ ಹೋದ ಆರು ಜನರಲ್ಲಿ ನಾಲ್ವರು ಅವರ ಕಾಗದದ ಮೇಲೆಯೇ ಹೋದರು. ಮಂಡಳಿಗೂ ಗೊತ್ತು ಎನ್ನುತ್ತಾರೆ. ಅವರಿಗೆ ಕಡತದಲ್ಲಿ ಒಂದು ಹಾಳೆ ಬೇಕು, ಅಷ್ಟೇ. ಹೊರಗೆ ಬಂದ ಮೇಲೆ ನಿಜವಾದ ಕೆಲಸ ನಾನೇ ಹುಡುಕಿಕೊಳ್ಳುತ್ತೇನೆ.

ಹೋಗಿ ತಗೊಂಡು ಬಾ ಮರಿ.

ನಿನ್ನ ಅಪ್ಪ,
ಲೂಷಿಯಸ್ ಟೋಲ್ಬರ್ಟ್


ಟಿಲ್‌ಮನ್ ಕ್ರೀಕ್
ಏಪ್ರಿಲ್ 16

ಅಪ್ಪ,

ಫಿಂಚರ್ ಅವರನ್ನು ನೋಡಿದೆ. ಅಂಗಡಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾರು ನಿಲ್ಲುವ ಜಾಗದಲ್ಲಿ ನನ್ನ ಎತ್ತರದ ಹುಲ್ಲು ಬೆಳೆದಿದೆ. ನೀರಿನ ಪೈಪಿನ ಬಾಯಿಯಲ್ಲಿ ಕಣಜದ ಗೂಡು.

"ಯಾರಿಗಮ್ಮ?" ಎಂದರು. ನಾನು ಬಾಯಿ ಬಿಡುವ ಮುಂಚೆಯೇ ಅವರಿಗೆ ಗೊತ್ತಾಗಿತ್ತು.

"ನಮ್ಮಪ್ಪಂಗೆ. ಲೂಷಿಯಸ್ ಟೋಲ್ಬರ್ಟ್."

"ನೀಲಿ ಬಣ್ಣದ ಟ್ರಕ್ ಇತ್ತಲ್ಲ? ಚಕ್ರಕ್ಕೆ ಎರಡು ಸಲ ಸೋಪು ಹಾಕಿಸ್ತಿದ್ದ. ಬಾ ಒಳಗೆ."

ಒಳಗೆ ಎರಡೇ ಬೆರಳಿನಲ್ಲಿ ಟೈಪ್ ಮಾಡಿದರು. ಒಂದು ಕಾಸೂ ಕೇಳಲಿಲ್ಲ. ಯಾಕೆ ಇದನ್ನೆಲ್ಲ ಮಾಡುತ್ತೀರಿ ಎಂದು ಕೇಳಿದೆ. ಅವರ ಮಗನಿಗೆ ಹೀಗೇ ಒಂದು ಕಾಗದ ಸಿಗಲಿಲ್ಲವಂತೆ. ಆಗ ಅಂಗಡಿ ನಡೆಯುತ್ತಿತ್ತು, ಆದರೆ ಮನೆಯವರು ಕೊಟ್ಟ ಕೆಲಸ ಕೆಲಸವಲ್ಲ ಎಂದರಂತೆ. ಮಗ ಪೂರ್ತಿ ಶಿಕ್ಷೆ ಮುಗಿಸಿ ಬಂದ. "ಬಂದೋನು ಅವನಲ್ಲ ಬಿಡು," ಎಂದು ಹಾಳೆಗೆ ರುಜು ಹಾಕಿದರು.

ಕಾಗದ ಓದಿದೆ. "ಶ್ರೀ ಟೋಲ್ಬರ್ಟ್ ಅವರು ನಮ್ಮ ಬಿಡುವಿಲ್ಲದ ವ್ಯಾಪಾರಕ್ಕೆ ಬಹಳ ಅಗತ್ಯ." ಅದನ್ನು ಅವರ ಮೇಜಿನ ಮೇಲೆಯೇ ಇಟ್ಟು ಬಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಡ್ರಾಯರಲ್ಲಿ ಇಟ್ಟಿರ್ತೀನಿ, ಮನಸ್ಸು ಬದಲಾದ್ರೆ ಬಾ," ಎಂದರು.

ನಿನಗೆ ಕಾರಣ ಬೇಕು. ಮೊದಲ ವಾರವೇ ಅಧಿಕಾರಿ ಅಂಗಡಿ ನೋಡಲು ಬಂದರೆ ನೀನು ಮತ್ತೆ ಒಳಗೆ ಹೋಗುತ್ತೀಯ ಎಂದು ಬರೆಯಬಹುದು. ಅದೂ ನಿಜವೇ. ಆದರೆ ಅದು ನನ್ನ ಕಾರಣ ಅಲ್ಲ. ಆ ಹಾಳೆಯಲ್ಲಿ ಬರೆದದ್ದು ಒಂದೂ ಅಲ್ಲಿಲ್ಲ, ಇರುವುದು ಆ ಹುಲ್ಲು. ಇಷ್ಟೇ. ಇದರಿಂದ ನಿನಗೆ ನಷ್ಟ, ನನಗಲ್ಲ ಎಂದು ಅತ್ತೆ ಹೇಳಿದಳು. ಅವಳು ಹೇಳಿದ್ದು ಸರಿ. ಆದರೂ ತರಲಾಗಲಿಲ್ಲ.

ನಿಜವಾದ ಕೆಲಸ ಹುಡುಕುತ್ತೇನೆ. ಟೈರ್ ಅಂಗಡಿಯವರು, ಮರ ಕೊಯ್ಯುವವರು, ಚರ್ಚಿನ ಅಡುಗೆಮನೆಯವರು ಆಗಲೇ ಇಲ್ಲ ಎಂದಾಗಿದೆ. ಇನ್ನೂ ಆರು ತಿಂಗಳಿದೆ.

ಡೆಸ್


ಲೋವರ್ ಹಿಲ್ ಕ್ಯಾಂಪ್
ಮೇ 5

ಒಡೆಸ್ಸ,

ಏಳು ವರ್ಷ ನಾನು ಒಂದು ಮಾತು ನುಂಗಿಕೊಂಡಿದ್ದೆ. ಈಗ ಹೇಳುತ್ತೇನೆ.

ಆ ದಿನ ಪೊಲೀಸರು ನಮ್ಮ ಅಡುಗೆಮನೆಗೆ ಬಂದಾಗ ನಾನು ಮನೆಯಲ್ಲೇ ಇದ್ದೆ ಎಂದು ಹೇಳಿದ್ದೆ. ನಿನ್ನ ಅತ್ತೆಯೂ ಹಾಗೇ ಹೇಳಿದಳು. ಆ ಉದ್ದನೆಯವನು ಬಗ್ಗಿ ನಿನ್ನನ್ನು ಕೇಳಿದ, ನೀನು ಇಲ್ಲ ಎಂದೆ. ಕೇಳಿದ್ದಷ್ಟಕ್ಕೆ ನಿಲ್ಲಿಸಬಹುದಿತ್ತು. ನನ್ನ ಬೂಟು ಮಳೆಗೆ ಒದ್ದೆಯಾಗಿತ್ತು ಎಂದೂ ಸೇರಿಸಿದೆ. ಪೆಟ್ರೋಲ್ ಬಂಕಿನ ಒಳಗೆ ಹೋದವನು ನಾನಲ್ಲ, ಬಂದೂಕು ತೋರಿಸಿದವನೂ ನಾನಲ್ಲ. ಹೊರಗೆ ಕಾರಿನಲ್ಲಿ ಕೂತಿದ್ದೆ ಎನ್ನುವುದಕ್ಕೆ ಅವರ ಹತ್ತಿರ ನಿನ್ನ ಮಾತು ಬಿಟ್ಟು ಬೇರೇನೂ ಇರಲಿಲ್ಲ.

ಪಾಪ ಮಗು, ಹನ್ನೆರಡು ವರ್ಷ, ಗಲಿಬಿಲಿಯಾಗಿತ್ತು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿನ್ನನ್ನು ಒಂದು ದಿನವೂ ದೂರಲಿಲ್ಲ. ಈಗ ನಿನಗೆ ಹತ್ತೊಂಬತ್ತು. ಈಗ ಯಾವ ಗಲಿಬಿಲಿ?

ಮಂಡಳಿಯ ಮುಂದೆ ಕೈದಿಯನ್ನು ಕರೆಯುವುದಿಲ್ಲ. ಮನೆಯವರು ಒಬ್ಬರು ಎರಡು ನಿಮಿಷ ಮಾತಾಡಬೇಕು. ಕ್ವಿಲ್ಲಾ ಅಕ್ಕ ಮಾತಾಡಲಿ. ಫಿಂಚರ್ ಕಾಗದವನ್ನೂ ಅವಳೇ ತರುತ್ತಾಳೆ, ಬರೆದಿದ್ದೇನೆ. ನೀನು ಬರಬೇಡ.

ಲೂಷಿಯಸ್ ಟೋಲ್ಬರ್ಟ್


ಟಿಲ್‌ಮನ್ ಕ್ರೀಕ್
ಆಗಸ್ಟ್ 14

ಅಪ್ಪ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ನನಗೆ ಗಲಿಬಿಲಿಯಾಗಿರಲಿಲ್ಲ. ಆ ಸಂಜೆ ಜೋಳದ ರೊಟ್ಟಿ ಮಾಡಿ ನಿನಗೆ ಕಾಯುತ್ತಿದ್ದೆ. ಒಲೆಯೊಳಗೆ ಅದು ಕಲ್ಲಿನಂತಾಯಿತು. ನೀನು ಒದ್ದೆ ಬೂಟನ್ನು ಬಾಗಿಲ ಹತ್ತಿರ ಬಿಚ್ಚದೆ ಒಳಗೆ ಬಂದೆ, ಯಾವತ್ತೂ ಹಾಗೆ ಬರದವನು. ಉದ್ದನೆಯವನು ಕೇಳಿದಾಗ ಕಣ್ಣಿಗೆ ಕಂಡಿದ್ದು ಹೇಳಿದೆ. ನಿನ್ನನ್ನು ಕರೆದೊಯ್ಯುತ್ತಾರೆಂದು ಗೊತ್ತಿದ್ದರೂ ಹೇಳುತ್ತಿದ್ದೆನೋ ಏನೋ ಎಂದು ಏಳು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಸಿಕ್ಕಿಲ್ಲ. ಸಿಕ್ಕರೆ ಬರೆಯುತ್ತೇನೆ. ಕ್ಷಮಿಸು ಎಂದು ಈಗ ಬರೆದರೆ ಅದು ನಿನ್ನನ್ನು ಸಮಾಧಾನ ಮಾಡಲು ಬರೆದಂತಾಗುತ್ತದೆ.

ಈಗ ಕೆಲಸದ ವಿಷಯ. ಕೆಲಸ ಸಿಕ್ಕಿದೆ.

ಅರ್ಡೆಲ್ ಎಂಬ ಮುದುಕಿ ಇದ್ದಾಳೆ, ಅರವತ್ತೆಂಟು ವರ್ಷ, ಎಲ್ಲರೂ ಮಿಸ್ ಅರ್ಡೆಲ್ ಎನ್ನುತ್ತಾರೆ. ಎರಡು ಜಿಲ್ಲೆಯ ಕರಿಯರ ಚರ್ಚುಗಳಿಗೆಲ್ಲ ಸಮಾಧಿ ತೋಡುವವಳು ಅವಳೇ. ಅವಳ ಗಂಡ ಬಿಟ್ಟುಹೋದ ಮಣ್ಣು ತೋಡುವ ಯಂತ್ರ ಇದೆ. ಗುಂಡಿಯ ಮೂಲೆ ತಿದ್ದುವುದು, ಗೋಡೆ ನೇರ ಮಾಡುವುದು ಕೈಕೆಲಸ. ಅದಕ್ಕೆ ಗಂಡಸರು ಬರುತ್ತಾರೆ, ಒಂದು ತಿಂಗಳಿಗೆ ಬಿಡುತ್ತಾರೆ. ಮೌಂಟ್ ಪಿಸ್ಗಾ ಚರ್ಚಿನ ಹಿಂದೆ ಅವಳನ್ನು ನೋಡಿ ಬೇಲಿ ದಾಟಿ ಹೋಗಿ ಕೇಳಿದೆ. ಯಂತ್ರ ನಿಲ್ಲಿಸದೆಯೇ ಮಾತಾಡಿದಳು, ನಾನು ಕೂಗಿ ಕೂಗಿ ಉತ್ತರ ಕೊಡಬೇಕಾಯಿತು.

"ಏನ್ ಮಾಡಿದ್ದ ನಿಮ್ಮಪ್ಪ?"

"ಬಂಕ್ ದರೋಡೆಗೆ ಕಾರು ಓಡಿಸಿದ್ದ."

"ಮಾಡಿದ್ನಾ, ಇಲ್ಲ ಸಿಕ್ಕಾಕಿಸಿದ್ರಾ?"

"ಮಾಡಿದ್ದ. ಪೊಲೀಸರಿಗೆ ಹೇಳಿದ್ದು ನಾನೇ."

ಆಗ ಯಂತ್ರ ಆರಿಸಿದಳು. ಟೋಪಿ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹತ್ತೊಂಬತ್ತು ಜನ ಬಂದು ಹೋಗಿದಾರೆ ನನ್ನ ಹತ್ರ. ಏನಾದ್ರೂ ಮಾಡಿದೀನಿ ಅಂದೋನು ಒಬ್ಬ ಇಲ್ಲ. ಸರಿ, ನಿಮ್ಮಪ್ಪಂಗೆ ಬೆನ್ನು ಗಟ್ಟಿ ಇದ್ಯಾ?"

ಮನೆಗೆ ಕರೆದೊಯ್ದು ಬೆಂಡೆಕಾಯಿ ಹುರಿದು ಕೊಟ್ಟಳು. ಆಮೇಲೆ ಹಾಳೆ ಪೆನ್ನು ತೆಗೆದಳು. "ಎಷ್ಟು ಗಂಟೆ ಅಂತ ಬರೀಲಿ? ನಲವತ್ತು ಬರಿ ಅಂದ್ರೆ ನಲವತ್ತು. ನಂಗೇನು."

"ನಿಜವಾಗ್ಲೂ ಎಷ್ಟು ಬರುತ್ತೆ?"

"ಹದಿನಾರು ಅನ್ನು. ಚಳೀಲಿ ಒಂಚೂರು ಹೆಚ್ಚು. ಜನ ನನ್ನ ಕೇಳ್ಕೊಂಡು ಸಾಯ್ತಾರಾ?"

ಹದಿನಾರು ಬರೆಸಿದೆ. ಪತ್ರ ನನ್ನ ದಿಂಬಿನ ಕೆಳಗಿದೆ. ಅದರಲ್ಲಿರುವುದು ಕಡಿಮೆ, ಆದರೆ ಇರುವುದು ನಿಜವಾಗಿ ಇದೆ. ಆ ಯಂತ್ರವನ್ನು ಮುಟ್ಟಿ ನೋಡಿದ್ದೇನೆ.

ನಿನ್ನ ಡೆಸ್


ಲೋವರ್ ಹಿಲ್ ಕ್ಯಾಂಪ್
ಸೆಪ್ಟೆಂಬರ್ 9

ಡೆಸ್,

ಹದಿನಾರು ಗಂಟೆ ತಗೊಂಡು ಹೋದರೆ ಅವರು ಕಡತ ಮುಚ್ಚುತ್ತಾರೆ. ಇಲ್ಲಿ ಮೂವತ್ತೆರಡು ಗಂಟೆಯ ಕಾಗದ ಇದ್ದವನನ್ನೇ ಒಪ್ಪಲಿಲ್ಲ.

ನನಗೆ ನಲವತ್ತೆಂಟು ವರ್ಷ. ಚಾಕು ಹಿಡಿಯುವ ಕೈಯ ಎರಡು ಬೆರಳಿಗೆ ಈಗ ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ. ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಸಾಲಿನಿಂದ ತೆಗೆಯುತ್ತಾರೆ, ವ್ಯಾನೂ ಇಲ್ಲ, ಹೊರಗಿನ ಗಾಳಿಯೂ ಇಲ್ಲ. ನಿನಗೆ ಹೇಳುತ್ತಿದ್ದೇನೆ.

ಅಕ್ಕ ಫಿಂಚರ್ ಕಾಗದ ತಂದಿಟ್ಟಿದ್ದಾಳೆ. ಅವಳು ಅದನ್ನು ಕೊಡುವಾಗ ನೀನು ಅಡ್ಡ ಬರಬೇಡ. ಅಷ್ಟು ಮಾಡು. ನಿಜ ಹೇಳಬೇಡ ಎನ್ನುತ್ತಿಲ್ಲ. ಸುಮ್ಮನಿರು ಎನ್ನುತ್ತಿದ್ದೇನೆ.

ಅಪ್ಪ
ಲೂಷಿಯಸ್ ಟೋಲ್ಬರ್ಟ್


ಟಿಲ್‌ಮನ್ ಕ್ರೀಕ್
ಅಕ್ಟೋಬರ್ 19

ಅಪ್ಪ,

ಮಂಡಳಿ ಒಪ್ಪಲಿಲ್ಲ. ಇದು ನಿನಗೆ ಆಗಲೇ ಗೊತ್ತಾಗಿರುತ್ತದೆ. ಹೇಗೆ ಆಯಿತು ಎನ್ನುವುದು ನನ್ನಿಂದಲೇ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಅತ್ತೆಗೆ ಬರಲಾಗಲಿಲ್ಲ. ವೃದ್ಧಾಶ್ರಮದ ಕೆಲಸದಲ್ಲಿ ರಜ ಹಾಕಿದರೆ ಒಂದು ಅಂಕ ಸೇರಿಸುತ್ತಾರೆ, ಎಂಟು ಅಂಕಕ್ಕೆ ಕೆಲಸ ಬಿಡಿಸಿ ಮನೆಗೆ ಕಳಿಸುತ್ತಾರೆ. ಅವಳದು ಏಳು ಆಗಿತ್ತು. ಹಿಂದಿನ ದಿನ ಒಬ್ಬಳು ಬದಲಿಗೆ ಬರುತ್ತೇನೆ ಎಂದಿದ್ದಳು, ಬೆಳಿಗ್ಗೆ ಫೋನ್ ಎತ್ತಲಿಲ್ಲ. ಅತ್ತೆ ಸಮವಸ್ತ್ರ ಹಾಕಿಕೊಂಡು ಅಳುತ್ತಲೇ ನನ್ನ ಕೈಗೆ ಲಕೋಟೆ ಕೊಟ್ಟಳು. ಫಿಂಚರ್ ಕಾಗದ ಮೇಲಿತ್ತು, ನಾನು ಮೊದಲೇ ಕೊಟ್ಟಿದ್ದ ಮಿಸ್ ಅರ್ಡೆಲ್ ಕಾಗದ ಕೆಳಗೆ. "ಇದನ್ನ ಕೊಡು, ಬಾಯಿ ಮುಚ್ಕೊಂಡು ಕೂತ್ಕೋ. ಒಂದೇ ಒಂದ್ಸಲ ಕಣೇ. ಒಂದೇ ಸಲ," ಎಂದಳು. ಆಗಲಿ ಎಂದೆ. ಹೇಳುವಾಗ ಹಾಗೇ ಮಾಡಬೇಕು ಅಂತಲೇ ಇತ್ತು.

ಚರ್ಚಿನ ವ್ಯಾನಿನಲ್ಲಿ ಹೋದೆ. ಮೂವರು ಕೂತಿದ್ದರು, ಇಬ್ಬರು ಗಂಡಸರು, ಒಬ್ಬಳು ಹೆಂಗಸು. ನನಗಿಂತ ಮುಂಚೆ ಒಬ್ಬ ತಾಯಿ ಅವಳ ಮಗನಿಗಾಗಿ ಮಾತಾಡಿದಳು. ಅವಳು ಕೊಟ್ಟ ಕಾಗದದ ಮೇಲೂ ಫಿಂಚರ್ ಅವರ ಅಂಗಡಿಯ ಹೆಸರಿತ್ತು, ಹಿಂದಿನಿಂದ ಕಂಡಿತು. ಮೂವರೂ ಒಪ್ಪಿದರು. ಇದನ್ನು ನಿನಗೆ ಹೇಳದೆಯೂ ಇರಬಹುದಿತ್ತು.

ಆಮೇಲೆ ನನ್ನ ಸರದಿ. ಮೇಜಿನ ಮೇಲೆ ಸಣ್ಣ ದೀಪ ಇದೆ, ಎರಡು ನಿಮಿಷ ಹಸಿರು, ಆಮೇಲೆ ಕೆಂಪು. ನಡುವೆ ಕೂತಿದ್ದವರು ಕೇಳಿದರು: "ಕೆಲಸ ಗೊತ್ತಾಗಿದ್ಯೇನಮ್ಮ?"

ಲಕೋಟೆಯೊಳಗೆ ಕೈ ಹಾಕಿದೆ. ಎರಡೂ ಹಾಳೆ ಬೆರಳಿಗೆ ಸಿಕ್ಕವು. ಮಿಸ್ ಅರ್ಡೆಲ್ ಬರೆದದ್ದು ದಪ್ಪ ಹಾಳೆ, ಗೊತ್ತಾಗುತ್ತದೆ. ಗೊತ್ತಿದ್ದೇ ಅದನ್ನು ತೆಗೆದೆ. ಕೈ ತಪ್ಪಿತು ಎಂದು ಹೇಳುವುದಿಲ್ಲ.

"ವಾರಕ್ಕೆ ಹದಿನಾರು ಗಂಟೆ. ಇದೊಂದು ಕೆಲಸಾನಾ?"

"ಇರೋದು ಅಷ್ಟೇ ಸರ್."

"ಈಗ ಕಾರ್ಖಾನೇಲಿ ನಲವತ್ತೆಂಟು ಗಂಟೆ ಮಾಡ್ತಿದಾನೆ ಅಂತ ಇಲ್ಲಿದೆ. ಒಳ್ಳೇ ಹೆಸರೂ ಇದೆ. ಅವರೇ ಇಟ್ಕೊಳಲ್ವಾ?"

"ಇಲ್ಲ ಸರ್. ಹೋಗಿ ಕೇಳಿದೀನಿ. ಕೈದಿ ಆಗಿದ್ರೆ ಮಾತ್ರ ಬೇಕಂತೆ. ನೀವು ಬಿಟ್ರೆ ಬೇಡ್ವಂತೆ."

ಹೆಂಗಸು ತಲೆ ಎತ್ತಿದರು. "ಇನ್ನೊಂದ್ಸಲ ಹೇಳಮ್ಮ," ಎಂದರು. ಇನ್ನೊಂದು ಸಲ ಹೇಳಿದೆ. ಟೈಪ್ ಮಾಡುವ ಹುಡುಗಿ ಅದನ್ನು ಬರೆದುಕೊಂಡಳು. ಹಿಂದೆ ಒಬ್ಬ ಪತ್ರಿಕೆಯವನೂ ಇದ್ದನಂತೆ, ಆಮೇಲೆ ತಿಳಿಯಿತು.

ದೀಪ ಇನ್ನೂ ಹಸಿರಿತ್ತು. ನಾನು ಹೇಳಿದ್ದು ಇದು, ಒಂದಕ್ಷರ ಬದಲಾಯಿಸಿಲ್ಲ: "ಅವತ್ತು ನಮ್ಮಪ್ಪ ಮನೇಲಿ ಇರ್ಲಿಲ್ಲ ಅಂತ ಪೊಲೀಸ್ರಿಗೆ ಹೇಳಿದ್ದು ನಾನು. ಹನ್ನೆರಡು ವರ್ಷ ನಂಗೆ. ನನ್ನೊಬ್ಬಳ ಮಾತು ನಂಬ್ಕೊಂಡು ಒಳಗೆ ಹಾಕಿದ್ರಿ. ಈಗ ಅದೇ ಬಾಯಲ್ಲಿ ಹೇಳ್ತಿದೀನಿ, ಅವ್ರು ಇನ್ಯಾವತ್ತೂ ಅಂಥ ಕೆಲಸಕ್ಕೆ ಹೋಗಲ್ಲ. ಇದನ್ನೂ ನಂಬಿ."

ಹೆಂಗಸು ಒಪ್ಪಿದರು. ಇಬ್ಬರು ಒಪ್ಪಲಿಲ್ಲ. ಒಂದು ವರ್ಷ ಬಿಟ್ಟು ಮತ್ತೆ ನೋಡುತ್ತಾರಂತೆ. ಎಲ್ಲ ಸೇರಿ ನಾಲ್ಕು ನಿಮಿಷ.

ಮೇಲಿದ್ದ ಕಾಗದ ಕೊಟ್ಟಿದ್ದರೆ ನೀನು ಇವತ್ತು ಮನೆಯಲ್ಲಿರುತ್ತಿದ್ದೆ ಅನ್ನಿಸುತ್ತದೆ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಟ್ಟೆ ಮಾತ್ರ ಮುಂದೆ ಇಡುತ್ತಾಳೆ.

ನೀನು ಬರೆಯದಿದ್ದರೂ ನಾನು ಬರೆಯುತ್ತಿರುತ್ತೇನೆ.

ಡೆಸ್


ಲೋವರ್ ಹಿಲ್ ಕ್ಯಾಂಪ್
ಡಿಸೆಂಬರ್ 10

ಡೆಸ್,

ನಿನ್ನ ಪತ್ರ ಓದಿ ಮಡಿಸಿ ಹಾಸಿಗೆಯ ಕೆಳಗೆ ತಳ್ಳಿದ್ದೆ. ಆಮೇಲೆ ಬಂದ ಮೂರನ್ನು ಒಡೆಯಲೇ ಇಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಪೂರ್ತಿ ಇಳಿದಿಲ್ಲ. ಒಂದು ವರ್ಷ ಎಂದರೆ ನಿನಗೆ ಹೊರಗೆ ಒಂದು ಥರ, ಇಲ್ಲಿ ಇನ್ನೊಂದು ಥರ. ಅದನ್ನು ನೀನು ತಿಳಿದಿರಬೇಕು.

ನೀನು ಹೇಳಿದ್ದು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಕಾರ್ಖಾನೆಯ ಹೆಸರು ಹಾಕಿರಲಿಲ್ಲ, ಆದರೆ ಈ ಸುತ್ತಿನಲ್ಲಿ ಇರುವುದು ಒಂದೇ ಕೋಳಿ ಕಾರ್ಖಾನೆ. ಮಾರನೆಯ ವಾರ ವ್ಯಾನಿನ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಈಗ ಕ್ಯಾಂಪಿನ ಬಟ್ಟೆ ಒಗೆಯುವ ಕೋಣೆಯಲ್ಲಿದ್ದೇನೆ. ಕರ್ಬಿ ಯಾರ ಕೈಯಲ್ಲೋ ಹೇಳಿ ಕಳಿಸಿದ, ನನ್ನ ಜಾಗಕ್ಕೆ ಇಬ್ಬರನ್ನು ಹಾಕಿದರೂ ಸಾಲು ನಿಂತು ನಿಂತು ಹೋಗುತ್ತಿದೆಯಂತೆ.

ಇಲ್ಲಿ ಕೆಲವರು ನನ್ನ ಮೇಲೆ ಹರಿಹಾಯ್ದರು. ಎಲ್ಲಿ ಎಲ್ಲರ ವ್ಯಾನೂ ನಿಂತುಬಿಡುತ್ತದೋ ಎಂದು ಅವರಿಗೆ ಹೆದರಿಕೆ. ಒಬ್ಬ ಮುದುಕ ಮಾತ್ರ ಸಾಬೂನಿನ ನೀರಲ್ಲಿ ಕೈ ಅದ್ದಿಕೊಂಡೇ ಕೇಳಿದ: "ನಿನ್ ಮಗಳು ಅವ್ರ ಮುಖಕ್ಕೇ ಹೇಳಿದ್ಲಾ?"

"ಹ್ಞೂಂ."

"ಅವತ್ತು ಪೊಲೀಸ್ರಿಗೆ ಹೇಳ್ದಾಗ ಮಗು ಗಲಿಬಿಲಿ ಮಾಡ್ಕೊಂಡಿತ್ತು ಅಂತಿದ್ಯಲ್ಲ?"

"ಮಾಡ್ಕೊಂಡಿರ್ಲಿಲ್ಲ," ಎಂದೆ. "ನಾನು ಮನೇಲಿ ಇರ್ಲಿಲ್ಲ."

ನಾನು ಇನ್ನೂ ಇಪ್ಪತ್ತು ಚಾದರ ಹಿಂಡಿದೆ. ಬರೆಯುವುದಕ್ಕಿಂತ ಬಾಯಲ್ಲಿ ಹೇಳುವುದು ಕಷ್ಟ ಎಂದುಕೊಂಡಿದ್ದೆ. ಈಗ ಬರೆಯುವಾಗ ಇದೂ ಅಷ್ಟೇ ಕಷ್ಟವಾಗುತ್ತಿದೆ.

ಆ ರಾತ್ರಿ ಉಳಿದ ಮೂರು ಪತ್ರ ಒಡೆದೆ. ಹವೆ, ಚರ್ಚು, ಕಾರಿನ ಗೇರು, ಎಲ್ಲ ಬರೆದಿದ್ದೀಯ. ಅಕ್ಕನ ಪತ್ರದಲ್ಲಿ ಇದ್ದದ್ದು ನಿನ್ನದರಲ್ಲಿ ಇರಲಿಲ್ಲ. ನೀನು ಕೆಲಸ ಮಾಡುತ್ತಿದ್ದ ಅಗ್ಗದ ಸಾಮಾನಿನ ಅಂಗಡಿಗೆ ನವೆಂಬರಿನಲ್ಲಿ ಬೀಗ ಬಿತ್ತಂತೆ. ಮಿಸ್ ಅರ್ಡೆಲ್ ಹತ್ತಿರ ಆ ಹದಿನಾರು ಗಂಟೆ ಈಗ ನೀನೇ ಮಾಡುತ್ತಿದ್ದೀಯಂತೆ, ಬೇರೆ ಎಲ್ಲೂ ಏನೂ ಸಿಗದೆ. ನನಗೆ ಅಂತ ಹುಡುಕಿದ್ದನ್ನು ತಗೊಂಡೆ ಎಂದು ಬರೆಯಲು ನಿನಗೆ ಆಗಲಿಲ್ಲ. ನನಗೆ ಗೊತ್ತಿರುವ ಹಾಗೆ ನೀನು ಮುಚ್ಚಿಟ್ಟ ಮೊದಲ ವಿಷಯ ಇದು. ಮುಚ್ಚಿಡಬೇಡ, ನಿನಗೆ ಅದು ಬರುವುದಿಲ್ಲ.

ಮೂಲೆ ಹೇಗೆ ತಿದ್ದುತ್ತೀರಿ? ಕೆಂಪು ಮಣ್ಣು ಒದ್ದೆಯಾದಾಗ ಗೋಡೆ ಕುಸಿಯುವುದಿಲ್ಲವೇ, ಹಲಗೆಯ ಆಸರೆ ಕೊಡುತ್ತೀರಾ? ಸಲಿಕೆ ಯಾವುದು, ಉದ್ದ ಹಿಡಿಕೆಯದಾ, ಗಿಡ್ಡದಾ? ಎಲ್ಲ ಬರೆ. ಕಲಿಯಲು ನನಗೆ ಹತ್ತು ತಿಂಗಳಿದೆ.

ಆಮೇಲೆ ಮಿಸ್ ಅರ್ಡೆಲ್ ಹತ್ತಿರ ಹೋಗು. ಮುಂದಿನ ಅಕ್ಟೋಬರಿಗೆ ಹೊಸ ಕಾಗದ ಬೇಕು ಎಂದು ಹೇಳು. ಇರುವುದು ಹದಿನಾರು, ನಾವು ಇಬ್ಬರು. ನನ್ನ ಹೆಸರಿನ ಮುಂದೆ ಎಂಟು ಗಂಟೆ ಎಂದು ಬರೆಸು.

ನಿನ್ನ ಅಪ್ಪ,
ಲೂಷಿಯಸ್ ಟೋಲ್ಬರ್ಟ್